ಕತ್ತರಿಯ ಸೂತ್ರ

ಮಾರ್ಚ್ ಹನ್ನೊಂದು, ಬುಧವಾರ. ಬೆಲೆ ಕಟ್ಟಲು ನನ್ನ ಮುಂದಿದ್ದ ಕಾರ್ಯಕ್ರಮಗಳು ಏಳು. ಆರನ್ನು ಮಧ್ಯಾಹ್ನದೊಳಗೆ ಮುಗಿಸಿದೆ. ಏಳನೆಯದರ ನಿರ್ಮಾಪಕ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಅವನು ಕಾಯಲಿ ಎಂದೇ ಊಟವನ್ನು ನಿಧಾನವಾಗಿ ಮಾಡಿದೆ.

ಹದಿನಾಲ್ಕು ವರ್ಷಗಳ ಹಿಂದೆ ಅವನು ಇದೇ ಚಾನೆಲ್ಲಿನ ಕಾರ್ಯಕ್ರಮ ವಿಭಾಗದ ಮುಖ್ಯಸ್ಥ. ಬೆನ್ನ ಹಿಂದೆ ಎಲ್ಲರಿಗೂ ‘ಕತ್ತರಿ’. ಒಂದು ಕಾರ್ಯಕ್ರಮದ ರೇಟಿಂಗಿನಲ್ಲಿ ಅದಕ್ಕೆ ಮುಂಚಿನ ಕಾರ್ಯಕ್ರಮದ ರೇಟಿಂಗನ್ನು ಕಳೆಯಬೇಕು. ಉಳಿದದ್ದಷ್ಟೇ ಅದರ ಸ್ವಂತ ಸಂಪಾದನೆ. ಜಾಹೀರಾತಿನ ದರವನ್ನು ಅದಕ್ಕೆ ಮಾತ್ರ ಗುಣಿಸಬೇಕು. ಈ ಸೂತ್ರ ಅವನದು.

ನನ್ನ ತಂಗಿ ಆಗ ಸಂಜೆ ಅರ್ಧ ಗಂಟೆಯ ಒಂದು ಕಾರ್ಯಕ್ರಮ ನಡೆಸುತ್ತಿದ್ದಳು. ಕೆಟ್ಟ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಗಳನ್ನು ಕ್ಯಾಮೆರಾದ ಮುಂದೆ ಬಿಚ್ಚಿ ಸರಿಮಾಡಿ ತೋರಿಸುವಳು. ಅದಕ್ಕೆ ಮುಂಚೆ ಮಕ್ಕಳ ಕಾರ್ಟೂನು. ಎರಡಕ್ಕೂ ರೇಟಿಂಗ್ ಐದು. ಐದರಲ್ಲಿ ಐದು ಕಳೆದರೆ ಸೊನ್ನೆ.

“ಕಾರ್ಟೂನು ನೋಡಿದ ಮಕ್ಕಳು ಎದ್ದು ಆಡೋಕೆ ಹೋಗ್ತಾರೆ ಸಾರ್. ನನ್ನನ್ನ ನೋಡೋಕೆ ಕೂತ್ಕೊಳ್ಳೋರು ಅವರ ಅಪ್ಪ ಅಮ್ಮ. ಸಂಖ್ಯೆ ಒಂದೇ, ಜನ ಬೇರೆ,” ಎಂದು ಇದೇ ಕೋಣೆಯಲ್ಲಿ ಅವನಿಗೆ ಹೇಳಿದಳು.

“ಎದ್ದು ರಿಮೋಟ್ ಹುಡುಕದ ಸೋಮಾರಿಗಳನ್ನೆಲ್ಲ ನಿಮ್ಮ ಅಭಿಮಾನಿಗಳು ಅಂದ್ಕೋಬೇಡಿ ತಾಯಿ,” ಎಂದ ಕತ್ತರಿ. ಕೋಣೆಯಲ್ಲಿದ್ದವರು ನಕ್ಕರು. ಅಲ್ಲೇ ಕಿರಿಯ ಲೆಕ್ಕಿಗನಾಗಿದ್ದ ನಾನು ಬಾಯಿ ತೆರೆದೆ. “ಅಣ್ಣನ ಸಾಕ್ಷಿ ನಡೆಯೋಲ್ಲ ಕಣಯ್ಯ,” ಎಂದು ಎದ್ದುಹೋದ.

ಕಾರ್ಯಕ್ರಮ ನಿಂತಿತು. ಅಂದಿನಿಂದ ತಂಗಿ ಸ್ಕ್ರೂಡ್ರೈವರ್ ಮುಟ್ಟಿಲ್ಲ. ಮನೆಯ ಫ್ಯಾನು ಕಿರ್ರೆಂದರೂ ಮೆಕ್ಯಾನಿಕ್ಕಿಗೆ ಫೋನ್ ಮಾಡುತ್ತಾಳೆ. ಅವನು ತಪ್ಪು ಸ್ಕ್ರೂ ತಿರುಗಿಸುವುದನ್ನು ಸುಮ್ಮನೆ ನೋಡುತ್ತ ನಿಲ್ಲುತ್ತಾಳೆ.

ಮೌಲ್ಯಮಾಪನದ ಅಧಿಕಾರ ನನಗೆ ಬಂದು ಆರು ವರ್ಷ. ಉಳಿದವರಿಗೆಲ್ಲ ವೀಕ್ಷಕರ ಟಿವಿಗೆ ಜೋಡಿಸಿದ ಮೀಟರಿನ ಅಂಕಿಗಳನ್ನು ಮನೆಮನೆಯಾಗಿ ನೋಡಿಯೇ ಬೆಲೆ ಕಟ್ಟಿದ್ದೇನೆ. ಹಳೆಯ ಸೂತ್ರವನ್ನು ಮಾತ್ರ ರದ್ದು ಮಾಡಿರಲಿಲ್ಲ.

ಕತ್ತರಿ ಬಂದು ಕುಳಿತ. ನನ್ನ ಗುರುತು ಹತ್ತಲಿಲ್ಲ. ಮನೆ ಅಡವಿಟ್ಟು ಧಾರಾವಾಹಿ ತೆಗೆದಿದ್ದಾನೆ. ಚಾನೆಲ್ ಅದನ್ನು ಮುಂದುವರಿಸದಿದ್ದರೆ ಮನೆ ಕೈಬಿಟ್ಟು ಹೋಗುತ್ತದೆ. ಕೇಳದಿದ್ದರೂ ಅವನೇ ಹೇಳಿದ.

“ನಿಮ್ಮದಕ್ಕೆ ಒಂಬತ್ತು ಪಾಯಿಂಟ್ ಮೂರು,” ಎಂದೆ. “ಮುಂಚೆ ಬರೋ ಹಾಡಿನ ಸ್ಪರ್ಧೆಗೆ ಒಂಬತ್ತು ಪಾಯಿಂಟ್ ಒಂದು. ನಿಮ್ಮ ಸಂಪಾದನೆ ಸೊನ್ನೆ ಪಾಯಿಂಟ್ ಎರಡು. ಒಂದು ರೇಟಿಂಗಿಗೆ ವಾರಕ್ಕೆ ಎರಡು ಲಕ್ಷ. ಅಲ್ಲಿಗೆ ನಲವತ್ತು ಸಾವಿರ. ನೀವು ಕೇಳ್ತಿರೋದು ಒಂಬತ್ತು ಲಕ್ಷ.”

“ಇದ್ಯಾವ ಸೀಮೆ ಲೆಕ್ಕ ರೀ?”

“ನಿಮ್ಮದೇ. ಇನ್ನೂ ಯಾರೂ ತೆಗೆದುಹಾಕಿಲ್ಲ.”

ಅವನು ಬೆವರು ಒರೆಸಿಕೊಂಡ. “ಹಾಡು ಕೇಳೋರು ಎದ್ದು ಹೋಗ್ತಾರೆ ಸ್ವಾಮಿ. ನಂದು ನೋಡೋಕೆ ಬರೋರೇ ಬೇರೆ ಜನ. ಮೀಟರ್ ತೆಗೆಸಿ ನೋಡಿ ಬೇಕಾದ್ರೆ.”

ಬೆಳಿಗ್ಗೆಯೇ ನೋಡಿದ್ದೆ. ಒಂಬತ್ತು ದಶಾಂಶ ಮೂರು ರೇಟಿಂಗಿನಲ್ಲಿ ಹಾಡಿನವರಲ್ಲಿ ಉಳಿದವರು ಮೂರು. ಹೊಸದಾಗಿ ಬಂದವರು ಆರು ದಶಾಂಶ ಮೂರು. ನಿಜವಾದ ಬೆಲೆ ಹನ್ನೆರಡು ಲಕ್ಷದ ಅರವತ್ತು ಸಾವಿರ.

“ಈ ಮಾತನ್ನ ಈ ಕೋಣೆಯಲ್ಲಿ ಮೊದಲು ಹೇಳಿದ್ದು ಯಾರು?” ಎಂದೆ.

ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. “ಆ ಮಿಕ್ಸಿ ಹುಡುಗಿ. ನೀವು ಅವಳ ಅಣ್ಣ.”

“ಅವಳು ಹೇಳಿದ್ದು ಸರಿಯಿತ್ತಾ?”

“ಸರಿಯಿತ್ತು.”

“ಕೇಳಿಸ್ಲಿಲ್ಲ.”

“ಸರಿಯಿತ್ತು ಅಂದೆನಲ್ಲ.”

ನಲವತ್ತು ಸಾವಿರ ಎಂದು ಬರೆದು ಸಹಿ ಹಾಕಿದೆ.

ಸಂಜೆ ತಂಗಿಗೆ ಎಲ್ಲವನ್ನೂ ಹೇಳಿದೆ. ನಿಜವಾದ ಬೆಲೆ ಎಷ್ಟಿತ್ತೆಂದು ಕೇಳಿದಳು; ಅದನ್ನೂ ಹೇಳಿದೆ.

“ಅವನಿಗೆ ಲೆಕ್ಕ ಬರೋ ಅಣ್ಣ ಯಾರೂ ಇಲ್ಲ ತಾನೆ?” ಎಂದಳು. ಆಮೇಲೆ ಫ್ಯಾನಿನ ಸಲುವಾಗಿ ಮೆಕ್ಯಾನಿಕ್ಕಿಗೆ ಫೋನ್ ಮಾಡಿದಳು.

ಮರುದಿನ ಬೆಳಿಗ್ಗೆ ಸೂತ್ರವನ್ನು ರದ್ದು ಮಾಡಿದೆ. ಆರು ದಶಾಂಶ ಮೂರರಲ್ಲಿ ಕೊಟ್ಟ ಸೊನ್ನೆ ದಶಾಂಶ ಎರಡು ಕಳೆದರೆ, ಕತ್ತರಿಗೆ ನನ್ನಿಂದ ಸಲ್ಲಬೇಕಾದ ಬಾಕಿ ಆರು ದಶಾಂಶ ಒಂದು. ಅದು ಹಾಗೆಯೇ ಇರಲಿ.