ಟವೆಲ್ ಮಡಿಸುವ ಸೇವೆ

ಪ್ರಾರ್ಥನಾಕೂಟದಲ್ಲಿ ಅವಳ ಬಾಯಿಂದ ಹೊರಡುತ್ತಿದ್ದುದು ‘ಆಮೆನ್’ ಅನ್ನುವುದೊಂದೇ ಮಾತು. ಹಾಗಾಗಿ ಯುವಜನ ಸಂಘದಲ್ಲಿ ಎಲ್ಲರೂ ಅವಳನ್ನು ಆಮೆನ್ ಅಂತಲೇ ಕರೆಯುತ್ತಿದ್ದರು. ಅಂಥವಳು ಬರುವ ಭಾನುವಾರ ಚರ್ಚಿನಲ್ಲಿ ಇಡೀ ಸಭೆಯ ಮುಂದೆ ನಿಂತು ಸಾಕ್ಷಿ ಹೇಳಬೇಕಿತ್ತು: ಸೇವಾಯಾತ್ರೆಯಲ್ಲಿ ದೇವರು ತನ್ನ ಕೈಯಿಂದ ಏನು ಮಾಡಿಸಿದ, ಅಂತ. ಸುಳ್ಳು ಹೇಳುವಂತಿಲ್ಲ. ನಿಜ ಹೇಳೋಣವೆಂದರೆ, ಸಂಘದವರ ಜೊತೆ ಈ ವೃದ್ಧಾಶ್ರಮಕ್ಕೆ ಬಂದು ವಾರ ಮುಗಿಯುತ್ತ ಬಂದರೂ ಹೇಳುವಂಥದ್ದೇನೂ ನಡೆದಿರಲಿಲ್ಲ.

ಅವಳ ಪಾಲಿಗೆ ಬಂದಿದ್ದು ಬಟ್ಟೆ ಕೋಣೆ. ಅಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಒಬ್ಬ ಅಜ್ಜಿ. ಲಕ್ವ ಹೊಡೆದು ಎಡಗೈ ಸೋತಿತ್ತು. ಅವರ ಮುಂದೆ ಒಗೆದ ಟವೆಲುಗಳ ರಾಶಿ ಕಂಡು ಆಮೆನ್‌ಗೆ ಕರುಳು ಚುರ್ ಅಂದಿತು. ಬಂದ ದಿನವೇ ರಾಶಿಯನ್ನು ತನ್ನತ್ತ ಎಳೆದುಕೊಂಡು, ಅಂಚಿಗೆ ಅಂಚು ಕೂಡಿಸಿ, ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಬೀರು ತುಂಬಿಸಿದಳು. ದಿನವೂ ಅದೇ. ಅಜ್ಜಿ ಮಾತ್ರ ಮುಖ ಗಂಟು ಹಾಕಿಕೊಂಡು ಗೋಡೆಗೆ ತಿರುಗಿ ಕೂರುತ್ತಿದ್ದರು. ಪ್ರಾರ್ಥನೆ ಮಾಡಲೇ ಅಂದರೆ ಬೇಡ. ಬೈಬಲಿನ ಒಂದು ವಾಕ್ಯ ಓದಲೇ ಅಂದರೆ ಅದೂ ಬೇಡ. ಒಬ್ಬರ ಬೆನ್ನಿನ ಜೊತೆ ಎಷ್ಟು ಅಂತ ಮಾತಾಡುವುದು?

ಕೊನೆಯ ದಿನ ಅವಳಿಗೆ ತಡೆಯಲಾಗಲಿಲ್ಲ.

“ಅಜ್ಜೀ, ನನ್ನಿಂದ ಏನ್ ತಪ್ಪಾಯ್ತು? ನಿಮ್ಮ ಕೆಲಸ ಎಲ್ಲಾ ನಾನೇ ಮಾಡ್ತಿದೀನಲ್ಲ.”

“ಅದೇ ನೋಡು,” ಅಂದರು ಅಜ್ಜಿ, ಗೋಡೆಯ ಕಡೆಗೇ. “ನಿನ್ನ ಯಾರು ಕೇಳಿದ್ರು? ನಾಳೆ ನೀವು ಹಾಡ್ಕೊಂಡು ಬಸ್ ಹತ್ತಿ ಹೋಗ್ತೀರಿ. ಹಿಂದೆ ಬಂದ ಗುಂಪೂ ಹೀಗೇ. ಆಗ ಸುಮ್ನೆ ಕೂತು ಕೂತು ಈ ಕೈ ಮರಗಟ್ಟಿ ಹೋಯ್ತು, ಮತ್ತೆ ದಾರಿಗೆ ತರೋಷ್ಟರಲ್ಲಿ ಸಾಕುಸಾಕಾಯ್ತು. ಉಣ್ಣೋದು, ಮಲಗೋದು ಬಿಟ್ರೆ ನಂಗೆ ಇಲ್ಲಿರೋದು ಇದೊಂದೇ ಕೆಲಸ, ತಾಯಿ. ಅದನ್ನೂ ಕಿತ್ಕೊಂಡು ಮೇಲೆ ಪ್ರಾರ್ಥನೆ ಬೇರೆ ಮಾಡ್ತೀಯಾ?”

ಆಮೆನ್ ಕಿವಿಯವರೆಗೂ ಕೆಂಪಾದಳು. ಉಪವಾಸವಿದ್ದು, ಮೊಣಕಾಲೂರಿ ಪ್ರಾರ್ಥಿಸಿ ಸಿದ್ಧವಾಗಿ ಬಂದದ್ದು ಇದಕ್ಕೇ? ಸಿಟ್ಟು ಬಂತು, ಅಜ್ಜಿಯ ಮೇಲೋ ತನ್ನ ಮೇಲೋ ತಿಳಿಯಲಿಲ್ಲ. ಟವೆಲುಗಳ ಬುಟ್ಟಿಯನ್ನು ಅಜ್ಜಿಯ ಕಾಲ ಹತ್ತಿರ ದಬ್ಬಿ ಎದುರಿಗೆ ಕೂತಳು.

ಅಜ್ಜಿ ಇತ್ತ ತಿರುಗಿದರು. ಟವೆಲಿನ ತುದಿಯನ್ನು ಗಲ್ಲದಡಿ ಸಿಕ್ಕಿಸಿ, ಬಲಗೈಯಿಂದ ಎಡಗೈಯನ್ನು ಎತ್ತಿ ಟವೆಲಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಎಳೆದರು. ಸೊಟ್ಟಗಾಯಿತು. ಬಿಚ್ಚಿ ಮತ್ತೆ ಶುರು ಮಾಡಿದರು. ಆಮೆನ್‌ಗೆ ಕೈ ತುರಿಸುತ್ತಿತ್ತು; ಎರಡೂ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡಳು. ತಾನಾಗಿದ್ದರೆ ಇಷ್ಟರಲ್ಲಿ ಅರ್ಧ ರಾಶಿ ಮುಗಿಯುತ್ತಿತ್ತು.

ಅಷ್ಟರಲ್ಲಿ ಸಂಘದ ಮುಂದಾಳು, ಎಲ್ಲರೂ ಅಣ್ಣ ಅನ್ನುವವನು, ಫೋಟೋ ತೆಗೆಯಲು ಬಂದ.

“ಏನಮ್ಮ ಆಮೆನ್, ಅಜ್ಜಿ ಕೈಲಿ ದುಡಿಸ್ಕೊಂಡು ಮಹಾರಾಣಿ ಥರ ಕೂತಿದೀಯಾ? ಸಭೆಗೆ ತೋರಿಸೋಕಾದ್ರೂ ಒಂದೆರಡು ಮಡಿಸು.”

ವಿವರಿಸಬಹುದಿತ್ತು. ಆದರೆ ಅಜ್ಜಿಯ ಕೈಯ ಕಥೆಯನ್ನು ಅಜ್ಜಿಯ ಎದುರೇ ಬಿಚ್ಚಬೇಕು. ಅಣ್ಣ ‘ಅಯ್ಯೋ ಪಾಪ’ ಅನ್ನದೆ ಬಿಡುವವನಲ್ಲ.

“ಇಲ್ಲಣ್ಣ, ನಾನು ಮಡಿಸಲ್ಲ.”

“ಶುದ್ಧ ಸೋಮಾರಿ. ಭಾನುವಾರ ಏನಂತ ಹೇಳ್ತೀಯೋ ನೋಡ್ತೀನಿ.” ಅಣ್ಣ ತಲೆ ಚಚ್ಚಿಕೊಂಡು ಹೊರಟ.

ಅಜ್ಜಿ ಟವೆಲಿನಿಂದ ಕಣ್ಣು ತೆಗೆಯದೆ ಕೇಳಿದರು: “ಸುಮ್ನೆ ಕೂರೋದು ಬೇಜಾರಲ್ವಾ?”

“ತುಂಬಾ ಬೇಜಾರು ಅಜ್ಜಿ.”

ಅಜ್ಜಿಯ ಮುಖದ ಗಂಟು ಒಂದಿಷ್ಟು ಸಡಿಲವಾಯಿತು. “ಕೂತ್ಕೋ. ರಾಶಿ ಇನ್ನೂ ಇದೆ.”

ಏನೂ ಮಾಡಲಿಲ್ಲ, ಮಾಡದೆ ಕೂರುವುದೇ ಕಷ್ಟವಾಯಿತು ಅಂತ ಭಾನುವಾರ ಸಾಕ್ಷಿ ಹೇಳಿದರಾಯಿತು, ಅಂದುಕೊಂಡಳು ಆಮೆನ್. ನಗುವವರು ನಗಲಿ. ಅಜ್ಜಿಯ ಗಲ್ಲದಡಿಯಿಂದ ಟವೆಲು ಮತ್ತೆ ಜಾರಿತು. ಅವಳು ಹಲ್ಲು ಕಚ್ಚಿ ಕೂತೇ ಇದ್ದಳು.