ನಾಲ್ಕು ಮಹಡಿಯ ಭಿನ್ನರಾಶಿ

ನಾನು ಒಂದು ಭಿನ್ನರಾಶಿ. ಅರ್ಧ, ಕಾಲು, ಮುಕ್ಕಾಲು ಎಂಬ ಪುಡಿ ಬಳಗದವನಲ್ಲ. ಭಿನ್ನರಾಶಿಯ ತಲೆಯ ಮೇಲೆ ಭಿನ್ನರಾಶಿ ಕೂತ, ನಾಲ್ಕು ಮಹಡಿಯ ಬೀಜಗಣಿತದ ಬಂಗಲೆ. ಮೇಲ್ಮನೆಯಲ್ಲಿ x/3 − 3/x, ಕೆಳಮನೆಯಲ್ಲಿ 1 + 3/x, ನಡುವೆ ಒಂದು ಉದ್ದ ಗೆರೆ. ಗದಗಿನ ಟ್ಯೂಶನ್ ಕೋಣೆಯೊಂದರಲ್ಲಿ ಹಡಗಲಿ ಮಾಸ್ತರರು ನನ್ನನ್ನು ಕಪ್ಪು ಹಲಗೆಯ ಮೇಲೆ ಕಟ್ಟಿದ ದಿನ ಸೀಮೆಸುಣ್ಣದ ಧೂಳು ಹುಬ್ಬಳ್ಳಿಯವರೆಗೆ ಮೋಡದಂತೆ ಕವಿದಿತ್ತು.

ಆದರೆ ಮಾಸ್ತರರು ನನ್ನ ನೆತ್ತಿಯ ಮೇಲೆ ಒಂದು ಪದ ಬರೆದರು: ‘ಸಂಕ್ಷೇಪಿಸಿ.’ ಹುಟ್ಟಿದ ಗಳಿಗೆಯಲ್ಲೇ ಮರಣದಂಡನೆ ಓದಿ ಹೇಳಿದಂತಾಯಿತು. ನನಗೇನೂ ಭಯವಾಗಲಿಲ್ಲ. ಗೆರೆ ಮಾತ್ರ ಸ್ವಲ್ಪ ನಡುಗಿತು.

ಅಂದಿನಿಂದ ನಲವತ್ತು ಸಾವಿರ ನೋಟುಬುಕ್ಕುಗಳಲ್ಲಿ ಬಾಳಿದೆ. ಎಲ್ಲರ ರೋಗವೂ ಒಂದೇ: ಮೊದಲು ಕಾಟು ಹೊಡೆಯುವುದು, ಆಮೇಲೆ ಯೋಚಿಸುವುದು. ಮೇಲೊಂದು 3/x, ಕೆಳಗೊಂದು 3/x ಕಂಡರೆ ಸಾಕು, ಸರಕ್ ಸರಕ್. ಪೆನ್ನಿನ ಮೊನೆ ಇಳಿದು ಬರುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ತೆರೆದಾಗ ನಾನು ನಾನಾಗಿರುತ್ತಿರಲಿಲ್ಲ. ಬೇರೆ ಯಾರದೋ ಮುಖ.

ಕೊನೆಗೆ ಅದೇ ಟ್ಯೂಶನ್ ಕೋಣೆಯಲ್ಲಿ ನೀಲವ್ವನ ಕೈಗೆ ಬಿದ್ದೆ. ವಯಸ್ಸು ಮೂವತ್ತೊಂದು, ಅಂಗನವಾಡಿಯಲ್ಲಿ ಸಹಾಯಕಿ. ಎಸ್ಸೆಸ್ಸೆಲ್ಸಿ ಮುಗಿಸಿದರೆ ಅಲ್ಲೇ ಟೀಚರ್ ಆಗಬಹುದು. ಬಾಕಿ ಇದ್ದದ್ದು ಗಣಿತ ಒಂದೇ. ಎರಡು ಸಲ ಫೇಲಾಗಿದ್ದಳು. ಈ ಸಲವೂ ಹೋದರೆ ಆ ಜಾಗ ಬೇರೆಯವರ ಪಾಲು.

“ನೀಲವ್ವಾ, ಕೂಡಿಸಿದ್ದು ಕಳದದ್ದು ಅಂದ್ರ ಒಂದ ಮನಿ ಮಂದಿ ಇದ್ದಂಗ. ನಡುವಿಂದ ಒಬ್ಬರನ್ನ ಹೊಡದು ಹೊರಗ ಹಾಕಾಕ ಬರಂಗಿಲ್ಲ” ಎಂದರು ಮಾಸ್ತರರು.

“ಇದನ್ನ ನಮ್ಮ ಅತ್ತೀಗೆ ಒಂದೀಟು ಹೇಳ್ರಿ ಸರ್.”

ಕೋಣೆಯೆಲ್ಲ ನಕ್ಕಿತು. ಅವಳು ನಗಲಿಲ್ಲ. “ಕೈ ತಾನ ಓಡತೈತ್ರಿ. ಅಂಜಿಕಿಗೆ” ಎಂದಳು.

ಪರೀಕ್ಷೆಯ ಪತ್ರಿಕೆಯಲ್ಲೂ ನಾನೇ ಬಂದೆ. ಹೇಗೆ ಎಂದು ಕೇಳಬೇಡಿ. ನನ್ನನ್ನು ಬಿಟ್ಟು ಪತ್ರಿಕೆ ಮಾಡುವ ಗಂಡೆದೆ ಯಾರಿಗಿದೆ? ನೀಲವ್ವ ಉಳಿದ ಉತ್ತರಗಳನ್ನು ಬೆರಳಲ್ಲಿ ಲೆಕ್ಕ ಹಾಕಿದಳು: “ಮೂವತ್ತೆರಡು ಬರಬಹುದು.” ಪಾಸಿಗೆ ಮೂವತ್ತೈದು. ನನಗೆ ಮೂರು ಅಂಕ. ಅವಳ ಅಂಗೈ ಬೆವರು ಹಾಳೆಗೆ ಇಳಿಯಿತು. ಅದರಲ್ಲಿ ನಾನು ಮುಳುಗಿಯೇ ಹೋಗುತ್ತಿದ್ದೆ.

ಮೇಲ್ಮನೆಯನ್ನು ಒಂದೇ ಛೇದಕ್ಕೆ ತಂದಳು: (x² − 9)/3x. ಕೆಳಮನೆ (x + 3)/x ಆಯಿತು. ಅದನ್ನು ತಲೆಕೆಳಗು ಮಾಡಿ ಗುಣಿಸಿದಳು. x² − 9 ಅನ್ನು (x + 3)(x − 3) ಎಂದು ಬಿಡಿಸಿದಳು. x + 3 ಎರಡೂ ಕಡೆಯಿಂದ ಹೋಯಿತು. x ಹೋಯಿತು. ಒಂದೊಂದೇ ಮಹಡಿ ಕುಸಿದು ಕೊನೆಗೆ (x − 3)/3 ಮಾತ್ರ ಉಳಿದೆ. ನಾಚಿಕೆಯಾಯಿತು.

ಅಷ್ಟರಲ್ಲಿ ಅವಳ ಕೈ ಮತ್ತೆ ಮೇಲೆದ್ದಿತು. ಮೇಲೊಂದು ಮೂರು, ಕೆಳಗೊಂದು ಮೂರು. ಪೆನ್ನು ಕೆಳಗಿನ ಮೂರರ ಮೇಲೆ ಅರ್ಧ ಗೆರೆ ಎಳೆದೇಬಿಟ್ಟಿತು. ಚೀರಲು ನನಗೆ ಬಾಯಿಲ್ಲ.

ಗೆರೆ ನಿಂತಿತು. “ತಡಿ. ಅಂಗನವಾಡಿಗೆ ಆರು ಹುಡುಗ್ರು ಬಂದಾರ ಅಂತ ಇಟಗೊಳ್ಳೂಣು” ಎಂದು ತುಟಿಯಲ್ಲೇ ಅಂದಳು. x ಇದ್ದಲ್ಲೆಲ್ಲ ಆರು ಕೂರಿಸಿದಳು. ಮೊದಲಿನ ಬಂಗಲೆಯಲ್ಲಿ ಮೇಲೆ ಒಂದೂವರೆ, ಕೆಳಗೆ ಒಂದೂವರೆ, ಭಾಗಿಸಿದರೆ ಒಂದು. ಕೊನೆಯ ಉತ್ತರದಲ್ಲೂ ಒಂದು. ಮೂರುಗಳನ್ನು ಹೊಡೆದರೆ? ಉಳಿಯುವುದು ಬರೀ x, ಅಂದರೆ ಆರು. ಕೈ ಹಿಂದಕ್ಕೆ ಸರಿಯಿತು. ಕೆಳಗೆ ಇನ್ನೊಮ್ಮೆ, ದುಂಡಗೆ, ನನ್ನನ್ನು ಬರೆದಳು.

ಮೌಲ್ಯಮಾಪಕರ ಕೆಂಪು ಪೆನ್ನು ಆ ಅರ್ಧ ಗೆರೆಯ ಮೇಲೆ ನಿಂತಿದ್ದು ನೂರು ವರ್ಷ. ಆಮೇಲೆ ಕೆಳಗಿನ ಸಾಲಿಗೆ ಇಳಿದು ‘3’ ಎಂದು ಬರೆಯಿತು. ಮೊದಲ ಪುಟದಲ್ಲಿ ಒಟ್ಟು: ಮೂವತ್ತೈದು.

ಈಗ ಹಳೆಯ ಉತ್ತರಪತ್ರಿಕೆಗಳ ಗಂಟಿನಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಬಿದ್ದಿದ್ದೇನೆ. ಹಾಳೆ ಚೂರು ಮಾಡುವ ಯಂತ್ರ ಬರುತ್ತದಂತೆ. ನಡುಗುತ್ತಿದ್ದೇನೆ, ಈ ಸಲ ಒಪ್ಪಿಕೊಳ್ಳುತ್ತೇನೆ. ಆದರೆ ಆ ಆರು ಮಕ್ಕಳು ನಾಲ್ಕು ಮಹಡಿಯ ನನ್ನೊಳಗೆ ಬಂದಾಗಲೂ, (x − 3)/3 ಎಂಬ ಈ ಗುಡಿಸಿಲಿನೊಳಗೆ ಬಂದಾಗಲೂ ಸಿಕ್ಕ ಉತ್ತರ ಒಂದೇ. ಇಷ್ಟು ಹೊತ್ತು ಹೇಳಿದ್ದರಲ್ಲಿ ಇದೊಂದನ್ನು ನಾನು ಉಬ್ಬಿಸಿ ಹೇಳಿಲ್ಲ.