ಎದೆಯ ಮೇಲಿನ ಬರೆ

"ಅಂಗಿ ಬಿಚ್ರಿ" ಎಂದ ಡಾಕ್ಟರು ಬಗ್ಗಿ ನೋಡಿದರು. ಅಮಸಿದ್ದಪ್ಪನ ಎದೆಯ ಬಲಗಡೆ ನಾಲ್ಕು ಬೆರಳುದ್ದದ ಎರಡು ಬರೆ. ಸುಟ್ಟ ಚರ್ಮ ಕಿತ್ತು ಒಳಗೆ ಹಸಿಯಾಗಿತ್ತು.

"ಯಾವಾಗ ಹಾಕಿದ್ದು?"

"ಮೊನ್ನೆರಿ. ದಮ್ಮು ಭಾಳ ಹತ್ತಿತ್ತು. ಕುರಿಗೆ ಕೆಮ್ಮು ಬಂದ್ರ ಹಾಕ್ತೇವಲ್ರಿ, ಹಂಗ ಇಕಿ ಅವ್ವ ಕುಡಗೋಲ ಕಾಸಿ ಹಾಕಿದ್ಲು."

ಪಕ್ಕದಲ್ಲಿ ನಿಂತಿದ್ದ ಮಗಳು ಸುರೇಖಾ ಫೈಲನ್ನು ಮೇಜಿನ ಮೇಲೆ ಒಗೆದಳು. ಇವತ್ತು ಅಪ್ಪನಿಗೆ ಕೊಡಬೇಕಿದ್ದ ಕ್ಯಾನ್ಸರ್ ಇಂಜೆಕ್ಷನ್ನಿನ ಸರ್ಕಾರಿ ಮಂಜೂರಾತಿಗೆ ಹುನಗುಂದಕ್ಕೂ ಬಾಗಲಕೋಟೆಗೂ ಮೂರು ವಾರ ಅಲೆದಿದ್ದಳು. ಬರೆಯ ಮಾತನ್ನು ಮನೆಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ.

"ಬ್ಯಾರೆ ಔಷಧ ತಗೋಬ್ಯಾಡ ಅಂದಿದ್ನಿಲ್ಲೋ ಅಪ್ಪಾ?"

"ಔಷಧ ಎಲ್ಲಿ ತಗೊಂಡೇನಿ? ಬರಿ ಹಾಕ್ಸಿಕೊಂಡೇನಿ."

"ಇವತ್ತ ಇಂಜೆಕ್ಷನ್ ಕೊಡಾಕ ಬರಂಗಿಲ್ಲ ತಂಗಿ" ಎಂದರು ಡಾಕ್ಟರು. "ಶ್ವಾಸಕೋಶದಾಗಿನ ಕ್ಯಾನ್ಸರ್ ಗಂಟು ಹೊಸ ರಕ್ತನಾಳ ಬೆಳಸ್ಕೊಳ್ಳಾಕತ್ತೈತಿ. ಈ ಔಷಧ ಅದನ್ನ ತಡೀತೈತಿ. ಆದ್ರ ಗಾಯ ಮಾಯೂದೂ ಹೊಸ ರಕ್ತನಾಳದಿಂದನ. ಈಗ ಕೊಟ್ರ ಈ ಬರಿ ಮಾಯಂಗಿಲ್ಲ. ನಾಕು ವಾರ ಕಾಯ್ರಿ."

"ಗಂಟು ಕಾಯ್ತೈತೇನ್ರಿ?" ಎಂದಳು ಸುರೇಖಾ.

ಡಾಕ್ಟರು ಫೈಲಿನಲ್ಲಿ ಮುಂದಿನ ತಾರೀಖು ಬರೆದರು.

"ರಕ್ತದಾಗ ನಮ್ಮನ್ನ ಕಾಯೋ ಕಣ ಅದಾವಂತ ಇಕಿ ಹೇಳ್ತಿದ್ಲು" ಎಂದ ಅಮಸಿದ್ದಪ್ಪ. "ಅವೇನ್ ಮಾಡಾಕತ್ತಾವ್ರಿ?"

"ಗಂಟಿನ ಸುತ್ತನ ಅದಾವು. ಅದನ್ನ ಗಾಯ ಅಂತ ತಿಳದು, ಮಾಯಿಸಾಕ ಅವೂ ರಕ್ತನಾಳ ಬೆಳಸಾಕತ್ತಾವು."

"ಅಂದ್ರ ನಾಯಿ ತೋಳದ ಜೋಡಿ ಉಣ್ಣಾಕ ಕುಂತೈತಿ." ಅವನು ಐವತ್ತು ವರ್ಷ ಕುರಿ ಕಾದವನು. "ಅಂಥಾ ನಾಯಿನ ನಾ ಇಟ್ಕೋತಿದ್ದಿಲ್ಲ."

"ಕುಡಗೋಲ ಕಾಸೂಮುಂದ ಈ ಶ್ಯಾಣ್ಯಾತನ ಎಲ್ಲಿಗೆ ಹೋಗಿತ್ತು?" ಎಂದಳು ಸುರೇಖಾ.

ತಿರುಗಿ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಅಮಸಿದ್ದಪ್ಪ ಕರದಂಟು ಕೇಳಿದ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಕಂಡಕ್ಟರ್ ಸೀಟಿ ಊದುವ ಹೊತ್ತಿಗೆ ಇಳಿದು ಹೋಗಿ ತಂದು, ಅವನ ತೊಡೆಯ ಮೇಲೆ ಹಾಕಿದಳು.

ಹದಿನೇಳನೆಯ ದಿನ ಬೆಳಿಗ್ಗೆ ಅವಳು ಕಟ್ಟು ಬಿಚ್ಚಿದಳು. ಬರೆಯ ಅಂಚಿನಲ್ಲಿ ಎಳೆಗೆಂಪು ಮಾಂಸ ತುಂಬಿಕೊಳ್ಳುತ್ತಿತ್ತು. ಪಕ್ಕದಲ್ಲಿ ಬೆರಳೊತ್ತಿದರೆ ಬಿಳಿಚುತ್ತಿತ್ತು, ಬಿಟ್ಟರೆ ಮತ್ತೆ ರಕ್ತ ಓಡಿ ಬಂದು ಕೆಂಪಾಗುತ್ತಿತ್ತು.

"ಮಾಯಾಕತ್ತೈತಲ್ಲ?" ಎಂದು ಅಪ್ಪ ಕೇಳಿದ.

"ಹೂಂ. ಚಲೋ ಬೆಳ್ಯಾಕತ್ತೈತಿ."

ಅಮಸಿದ್ದಪ್ಪ ಟವೆಲನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದ. ಅದನ್ನು ಬಿಚ್ಚಿ ನೋಡದೆ, ಅಂಚಿಗೆ ಹತ್ತಿದ ಕೆಂಪು ಒಳಗಾಗುವಂತೆ ಮಡಚಿ ತೊಡೆಯ ಕೆಳಗೆ ಸರಿಸಿದ. ಸುರೇಖಾ ಹೊಸ ಹತ್ತಿ ಹರಿದಳು.